ಬೆಣ್ಣೆ, ಹಸಿ ವಾಸನೆ, ಒಗರು: ಲಾಗರ್ ಗ್ಲಾಸ್ ಮುಂದೆ ಕೂತು ಕನ್ನಡದಲ್ಲಿ ಮೂಸೋದು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಆ ದಿನ ಆಡಿದ ಮಾತನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನ ತೆಗೆದಿದ್ದೀನಿ, ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಉಳಿಸಿಕೊಂಡಿದ್ದೀನಿ. ಬಿಯರ್ ಕುಡಿಯದವರೂ ಓದಬಹುದು. ಇದು ಅರ್ಧ ಬಿಯರ್ ವಿಷಯ, ಇನ್ನರ್ಧ ಮೂಗಿನ ವಿಷಯ.

ನಾನು ಪುಣೆಗೆ ಬಂದು 12 ವರ್ಷ ಆಯ್ತು. ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಇಲ್ಲಿ 2009ರಲ್ಲಿ ಡೂಲಾಲಿ ಶುರುವಾಯ್ತು, ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಬಂತು. ಆಮೇಲೆ ನಮ್ಮಂಥವರು ಇರೋ ಊರುಗಳಲ್ಲೆಲ್ಲಾ, ಐಟಿ ಪಾರ್ಕಿನ ಬೆನ್ನಿಗೇ, ಗಾಜಿನ ಗೋಡೆಯ ಹಿಂದೆ ಸ್ಟೀಲ್ ಟ್ಯಾಂಕ್ ಕಾಣೋ ಜಾಗಗಳು ಎದ್ದವು. ಶುಕ್ರವಾರ ಸಂಜೆ ಟೀಮ್ ಜೊತೆ ಹೋಗ್ತೀವಿ. ಮೆನುವಿನಲ್ಲಿ ಒಂದೊಂದು ಬಿಯರಿಗೂ ನಾಲ್ಕು ಸಾಲಿನ ವರ್ಣನೆ ಇರುತ್ತೆ. ವೇಟರ್ ಬಂದು "ಹೇಗಿದೆ ಸರ್?" ಅಂತಾನೆ. ನಾವು "ಚೆನ್ನಾಗಿದೆ" ಅಂತೀವಿ. ತುಂಬಾ ಧೈರ್ಯ ಬಂದ್ರೆ "ಸ್ವಲ್ಪ ಬೇರೆ ಥರ ಇದೆ" ಅಂತೀವಿ. ಅಲ್ಲಿಗೆ ಮುಗೀತು.

ಇದೇ ಜನ, ನಾವೇ, ಊರಿಗೆ ಹೋದಾಗ ಸಾರಿನ ಒಂದು ತೊಟ್ಟು ಅಂಗೈಗೆ ಹಾಕ್ಕೊಂಡು ನೆಕ್ಕಿ "ಹಸಿ ವಾಸನೆ ಇನ್ನೂ ಹೋಗಿಲ್ಲ, ಇನ್ನೊಂದು ಕುದಿ ಬರಲಿ" ಅಂತೀವಿ. ಕೊಬ್ಬರಿ ಮೂಸಿ "ಕಮಟು" ಅಂತೀವಿ. ಅಕ್ಕಿ ಡಬ್ಬ ತೆಗೆದು "ಮುಗ್ಗಲು" ಅಂತೀವಿ. ಇಷ್ಟು ಕೆಲಸ ಗೊತ್ತಿರೋ ಮೂಗು ಒಂದು ಗ್ಲಾಸ್ ಲಾಗರ್ ಮುಂದೆ ಯಾಕೆ ಮೂಕ ಆಗುತ್ತೆ? ನನ್ನ ಪ್ರಕಾರ ಪದಗಳು ಇಂಗ್ಲಿಷಿನಲ್ಲೇ ಇರಬೇಕು ಅಂತ ನಾವೇ ಅಂದುಕೊಂಡಿರೋದೇ ಕಾರಣ. ಮೂಗಿಗೆ ಇಂಗ್ಲಿಷ್ ಬೇಕಾಗಿಲ್ಲ.

ಲಾಗರ್ ಯಾಕೆ, ಬೇರೆ ಬಿಯರ್ ಯಾಕಲ್ಲ ಅಂತ ಕೇಳಬಹುದು. ತಪ್ಪು ಬಚ್ಚಿಡೋಕೆ ಅದರಲ್ಲಿ ಜಾಗ ಇಲ್ಲ. ಹಣ್ಣು, ಕಾಫಿ, ಮೆಣಸು, ಕೆಜಿಗಟ್ಟಲೆ ಹಾಪ್ಸ್ ಹಾಕಿದ ಬಿಯರಿನಲ್ಲಿ ಸಣ್ಣ ಪುಟ್ಟ ದೋಷ ಮಸಾಲೆಯ ಅಡಿ ಮುಚ್ಚಿ ಹೋಗುತ್ತೆ. ಬಿರಿಯಾನಿಯಲ್ಲಿ ಅಕ್ಕಿ ಸ್ವಲ್ಪ ಹಳತಾದ್ರೂ ನಡೆಯುತ್ತೆ, ಗಂಜಿಯಲ್ಲಿ ನಡೆಯಲ್ಲ. ತಿಳಿ ಬಣ್ಣದ ಲಾಗರ್ ಅಂದ್ರೆ ಗಂಜಿ. ನೀರು, ಬಾರ್ಲಿ ಮಾಲ್ಟ್, ಹಾಪ್ಸ್, ಯೀಸ್ಟ್, ಆಮೇಲೆ ತಾಳ್ಮೆ.

ಮಾಲ್ಟ್ ಅಂದ್ರೆ ಏನು ಅಂತ ಕನ್ನಡದವರಿಗೆ ವಿವರಿಸೋದು ಸುಲಭ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಬೀಸಿ ಮಗುವಿಗೆ ಕೊಡ್ತೀವಲ್ಲ, ಅದೇ ಕೆಲಸ ಬಾರ್ಲಿಗೆ. ಮೊಳಕೆ ಬಂದಾಗ ಕಾಳಿನಲ್ಲಿ ಹುಟ್ಟೋ ಕಿಣ್ವಗಳು ಪಿಷ್ಟವನ್ನ ಸಕ್ಕರೆ ಮಾಡ್ತವೆ. ಆ ಸಕ್ಕರೆಯನ್ನ ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತೆ ಗ್ಯಾಸ್ ಬಿಡುತ್ತೆ. ಏಲ್ ಮಾಡೋ ಯೀಸ್ಟಿಗೆ 18-20 ಡಿಗ್ರಿ ಹಿತ. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯ ಚಳಿಯಲ್ಲೂ ಕೆಲಸ ಮಾಡುತ್ತೆ, ನಿಧಾನವಾಗಿ. ಆಮೇಲೆ ಸೊನ್ನೆ ಡಿಗ್ರಿಯ ಹತ್ತಿರ ವಾರಗಟ್ಟಲೆ ಸುಮ್ಮನೆ ಇಡಬೇಕು. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಅಂದ್ರೆ ದಾಸ್ತಾನು ಇಡೋದು. ಹೆಸರೇ ಅದು. ಈ ಯೀಸ್ಟ್ ಎರಡು ಜಾತಿಗಳ ಬೆರಕೆ. ಒಂದು ನಮಗೆ ಗೊತ್ತಿರೋ ಬ್ರೆಡ್ಡಿನ ಯೀಸ್ಟಿನ ಜಾತಿ. ಇನ್ನೊಂದು ಪೋಷಕ ಯಾವುದು ಅಂತ ತುಂಬಾ ಕಾಲ ಗೊತ್ತೇ ಇರಲಿಲ್ಲ. 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನ ಮರಗಳ ಮೇಲೆ ಸಿಕ್ಕಿತು, ಆಮೇಲೆ ಟಿಬೆಟ್‌ನಲ್ಲೂ ಕಂಡಿತು.

ಈಗ ಒಂದು ಸಣ್ಣ ಚರಿತ್ರೆ, ಯಾಕಂದ್ರೆ ಇವತ್ತಿನ ವಿಷಯಕ್ಕೆ ನೇರ ಸಂಬಂಧ ಇದೆ. ಇವತ್ತಿನ ಚೆಕ್ ದೇಶದಲ್ಲಿರೋ ಪ್ಲಝೆನ್ ಅನ್ನೋ ಊರು. 1838ರಲ್ಲಿ ಆ ಊರಿನವರು ಕುಡಿಯೋಕೆ ಲಾಯಕ್ಕಿಲ್ಲ ಅಂತ 36 ಪೀಪಾಯಿ ಬಿಯರನ್ನ ಪುರಭವನದ ಮುಂದೆ ಬೀದಿಗೆ ಸುರಿದರು ಅನ್ನೋದು ಅಲ್ಲಿಯ ಪ್ರಸಿದ್ಧ ಕಥೆ. ಸುರಿದು ಸುಮ್ಮನಿರಲಿಲ್ಲ. ಬಿಯರ್ ಮಾಡೋ ಹಕ್ಕಿದ್ದ ನಾಗರಿಕರು ಸೇರಿ ಹೊಸ ಬ್ರೂವರಿ ಕಟ್ಟಿದರು, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನೋ ಬ್ರೂವರನ್ನ ಕರೆಸಿದರು. 1842ರ ಅಕ್ಟೋಬರ್ 5ಕ್ಕೆ ಮೊದಲ ಬ್ಯಾಚ್. ಅಲ್ಲಿಯ ಮೃದು ನೀರು, ತಿಳಿ ಬಣ್ಣದ ಮಾಲ್ಟ್, ಝಾಟೆಟ್ಸ್ ಕಡೆಯ ಹಾಪ್ಸ್, ಬವೇರಿಯಾದ ತಣ್ಣನೆ ಪದ್ಧತಿ. ಬಂದದ್ದು ಚಿನ್ನದ ಬಣ್ಣದ ಲಾಗರ್, ಪಿಲ್ಸ್‌ನರ್. ಇವತ್ತು ನಮ್ಮ ದೇಶದ ವೈನ್ ಶಾಪಿನಲ್ಲಿ ಸಿಗೋ ತಿಳಿ ಬಿಯರುಗಳಲ್ಲಿ ಮುಕ್ಕಾಲುಪಾಲು ಅದರ ದೂರದ ನೆಂಟರು. ಇಷ್ಟಕ್ಕೆಲ್ಲ ಮೊದಲು, "ಇದು ಚೆನ್ನಾಗಿಲ್ಲ" ಅಂತ ಹೇಳಿದ ಕುಡಿಯೋ ಜನ ಇದ್ದರು ಅನ್ನೋದು ನನಗೆ ಇಷ್ಟವಾದ ಭಾಗ.

ಸರಿ, ಗ್ಲಾಸ್ ಮುಂದೆ ಬಂತು. ಏನು ಮಾಡೋದು?

ಮೊದಲು ಗ್ಲಾಸನ್ನೇ ನೋಡಿ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ, ಜಿಡ್ಡೋ ಸೋಪೋ ಉಳಿದಿದೆ ಅಂತ ಅರ್ಥ. ಶುದ್ಧ ಗ್ಲಾಸಿನಲ್ಲಿ ಗುಳ್ಳೆ ನೇರ ಮೇಲೆ ಹೋಗುತ್ತೆ, ಕುಡೀತಾ ಹೋದ ಹಾಗೆ ನೊರೆ ಬಳೆ ಬಳೆಯಾಗಿ ಗೋಡೆಗೆ ಅಂಟುತ್ತೆ. ಕೊಳಕು ಗ್ಲಾಸಿನಲ್ಲಿ ಬಿಯರಿಗೆ ಅಂಕ ಕೊಡೋಕೆ ಹೋಗಬೇಡಿ, ಬೇರೆ ಗ್ಲಾಸ್ ಕೇಳಿ.

ಆಮೇಲೆ ತಂಪು. ನಮ್ಮ ಕಡೆ "ಏಕ್‌ದಮ್ ಚಿಲ್ಡ್" ಅನ್ನೋದು ಒಂದು ಮರ್ಯಾದೆಯ ವಿಷಯ ಆಗಿಬಿಟ್ಟಿದೆ. 2 ಡಿಗ್ರಿಯಲ್ಲಿ ನಾಲಗೆ ಮರಗಟ್ಟುತ್ತೆ, ಘಮ ಮೇಲೆ ಏಳಲ್ಲ. ಲಾಗರ್ ಪರೀಕ್ಷೆಗೆ 5ರಿಂದ 7 ಡಿಗ್ರಿ ಸಾಕು. ಬಂದ ಗ್ಲಾಸನ್ನ ಐದು ನಿಮಿಷ ಎರಡೂ ಕೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ, ಅಷ್ಟೇ. ಮೈಕೊರೆಯೋ ಚಳಿಯಲ್ಲಿ ಮಾತ್ರ ಚೆನ್ನಾಗಿರೋ ಬಿಯರಿನ ಮೇಲೆ ನನಗೆ ಯಾವಾಗಲೂ ಅನುಮಾನ.

ಕುಡಿಯೋದಕ್ಕೆ ಮೊದಲು ಮೂಸಿ. ನೊರೆ ಇಳಿಯೋಕೆ ಮುಂಚೆಯೇ, ಒಂದೆರಡು ಚಿಕ್ಕ ಉಸಿರು. ದೊಡ್ಡದಾಗಿ ಎಳೀಬೇಡಿ, ಮೂಗು ಬೇಗ ದಣಿಯುತ್ತೆ. ಒಳ್ಳೆ ಪಿಲ್ಸ್‌ನರ್‌ನಲ್ಲಿ ಎರಡು ಪದರ ಸಿಗಬೇಕು. ಕೆಳಗೆ ಮಾಲ್ಟ್: ಬೆಳಗ್ಗೆ ಅಯ್ಯಂಗಾರ್ ಬೇಕರಿ ಮುಂದೆ ನಡೆದು ಹೋದಾಗ ಬರುತ್ತಲ್ಲ, ಬ್ರೆಡ್ ಟ್ರೇ ಈಗಷ್ಟೇ ಹೊರಗೆ ಬಂದಿರೋ ವಾಸನೆ, ಅದು. ಮ್ಯೂನಿಕ್ ಕಡೆಯ ಕಡು ಬಣ್ಣದ ಲಾಗರ್ ಆದ್ರೆ ಅದು ಹುರಿಹಿಟ್ಟಿನ ಕಡೆಗೆ ತಿರುಗುತ್ತೆ. ಮೇಲೆ ಹಾಪ್ಸ್: ಝಾಟೆಟ್ಸಿನ ಹಾಪ್ಸಿಗೆ ಇಂಗ್ಲಿಷ್ ಪುಸ್ತಕಗಳು ಹೂವು, ಮೂಲಿಕೆ, ಮಸಾಲೆ ಅಂತೆಲ್ಲ ಬರೀತವೆ. ನನಗೆ ಮೊದಲು ನೆನಪಾಗೋದು ಮರುಗ, ಸ್ವಲ್ಪ ದವನ. ಮಲ್ಲಿಗೆ ದಂಡೆಯ ನಡುವೆ ಸೇರಿಸಿ ಕಟ್ಟಿದ್ದು. ನಿಮಗೆ ಬೇರೆ ಏನಾದ್ರೂ ಅನ್ನಿಸಬಹುದು. ಅದನ್ನೇ ಹೇಳಿ.

ಗುಟುಕು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಅರ್ಧ ರುಚಿ ಇಲ್ಲಿ ಸಿಗೋದು. ನೆಗಡಿ ಬಂದಾಗ ಊಟ ಸಪ್ಪೆ ಅನ್ನಿಸೋದು ಈ ದಾರಿ ಕಟ್ಟಿರೋದ್ರಿಂದ. ಕೊನೆಯಲ್ಲಿ ಕಹಿ ಎಷ್ಟು ಹೊತ್ತು ಉಳೀತು, ಹೇಗೆ ಹೋಯ್ತು ನೋಡಿ. ಜರ್ಮನ್ ಪಿಲ್ಸ್‌ನಲ್ಲಿ ಕಹಿ ಚುರುಕಾಗಿ ನಿಲ್ಲಬೇಕು. 1894ರಲ್ಲಿ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿ ತಂದ ಹೆಲೆಸ್ ಅನ್ನೋ ಶೈಲಿಯಲ್ಲಿ ಅದೇ ಕಹಿ ಇದ್ರೆ ಅದು ದೋಷ, ಅಲ್ಲಿ ಮಾಲ್ಟ್ ಮುಂದೆ ಇರಬೇಕು. ಟೆಸ್ಟಿಂಗ್‌ನವರಿಗೆ ಇದು ಹೊಸದಲ್ಲ: ಸ್ಪೆಕ್ ನೋಡದೆ ಬಗ್ ಹಾಕೋ ಹಾಗಿಲ್ಲ.

ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಳಸೋ ಬಿಜೆಸಿಪಿ ಅನ್ನೋ ಪದ್ಧತಿಯಲ್ಲಿ ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ ಬರೀ 3, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತೆ ಅನ್ನೋದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ 3 ಅನ್ನೋದನ್ನ ಗಮನಿಸಿ. ನಮ್ಮ ಫೋನು ಮೊದಲು ಫೋಟೋ ತೆಗೆಯೋದು ಆ 3 ಅಂಕದ್ದು.

ಈಗ ದೋಷಗಳಿಗೆ ಬರ್ತೀನಿ. ಕನ್ನಡ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ.

ಬೆಣ್ಣೆಯಿಂದ ಶುರು. ಡಯಾಸಿಟೈಲ್ ಅನ್ನೋ ರಾಸಾಯನಿಕ. ಮಾಲ್‌ನ ಸಿನಿಮಾ ಹಾಲ್ ಬಾಗಿಲಲ್ಲಿ ಬರೋ ಬಟರ್ ಪಾಪ್‌ಕಾರ್ನ್ ವಾಸನೆ ಅದರದ್ದೇ. ಬಾಯಲ್ಲಿ ಜಿಡ್ಡು ಸವರಿದ ಹಾಗೆ ಜಾರುತ್ತೆ. ಹಗುರ ಲಾಗರ್‌ನಲ್ಲಿ ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ರೂ ಹಲವರ ಮೂಗಿಗೆ ಸಿಗುತ್ತೆ. ಅಂದ್ರೆ 1000 ಲೀಟರ್ ಟ್ಯಾಂಕಿಗೆ 0.1 ಗ್ರಾಂ, ಒಂದು ಚಿಟಿಕೆಗಿಂತ ಕಡಿಮೆ. ಚೆಕ್ ಶೈಲಿಯ ಲಾಗರ್‌ಗಳಲ್ಲಿ ಇದು ಸ್ವಲ್ಪ ಇದ್ರೆ ಒಪ್ಪುತ್ತೆ, ಜರ್ಮನ್ ಶೈಲಿಯಲ್ಲಿ ಒಪ್ಪಲ್ಲ.

ಇದು ಹೇಗೆ ಬರುತ್ತೆ? ಯೀಸ್ಟ್ ಕೆಲಸ ಮಾಡುವಾಗ ಒಂದು ಪೂರ್ವವಸ್ತುವನ್ನ ಹೊರಗೆ ಬಿಡುತ್ತೆ, ಅದಕ್ಕೆ ವಾಸನೆ ಇಲ್ಲ. ಅದು ತಾನಾಗೇ ನಿಧಾನಕ್ಕೆ ಡಯಾಸಿಟೈಲ್ ಆಗುತ್ತೆ. ಆಗ ಅದೇ ಯೀಸ್ಟ್ ಅದನ್ನ ಮತ್ತೆ ಒಳಗೆ ಎಳ್ಕೊಂಡು ವಾಸನೆ ಇಲ್ಲದ ವಸ್ತು ಮಾಡಿಬಿಡುತ್ತೆ. ತಾನು ಚೆಲ್ಲಿದ್ದನ್ನ ತಾನೇ ಗುಡಿಸೋ ಒಳ್ಳೇ ಪ್ರಾಣಿ. ಆದ್ರೆ ಗುಡಿಸೋಕೆ ಸಮಯ ಬೇಕು, ಸ್ವಲ್ಪ ಬೆಚ್ಚಗಿರಬೇಕು. ಹಾಗಾಗಿ ಹುದುಗು ಮುಗಿಯೋ ಹೊತ್ತಿಗೆ ಟ್ಯಾಂಕನ್ನ 15-18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡ್ತಾರೆ. ಆಮೇಲೆ ತಣಿಸಿ ದಾಸ್ತಾನು.

ಅಂಗಡಿಯ ಲೆಕ್ಕ ನೋಡಿ ಈಗ. ಒಂದು ಏಲ್ ಎರಡು ವಾರದಲ್ಲಿ ನಲ್ಲಿಗೆ ಬರುತ್ತೆ. ಸರಿಯಾದ ಲಾಗರ್ ಐದಾರು ವಾರ ಟ್ಯಾಂಕ್ ಹಿಡಿದು ಕೂರುತ್ತೆ. ಬಾಡಿಗೆ, ಕರೆಂಟು, ಲೈಸೆನ್ಸ್ ಶುಲ್ಕ ಯಾವುದೂ ನಿಲ್ಲಲ್ಲ. ಒಂದು ವಾರ ಮೊದಲೇ ಇಳಿಸಿಬಿಡೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತೆ. ಲಾಗರ್‌ನ ಅರ್ಧ ದೋಷಗಳು ಈ ಅವಸರದ ಮಕ್ಕಳು.

ನನ್ನ ಒಬ್ಬ ಗೆಳೆಯ ಒಂದು ಸಣ್ಣ ಪಬ್‌ನಲ್ಲಿ ಬ್ರೂವರ್. ದಾವಣಗೆರೆಯವನು. ಊರಿನ ಹೆಸರು ಕೇಳಿದ ಕೂಡಲೇ ನೀವು ನಗ್ತೀರಿ ಅಂತ ಗೊತ್ತು. ಅವನೇ ಹೇಳ್ತಾನೆ, "ಬೆಣ್ಣೆ ದೋಸಿ ತಿಂದು ಬೆಳೆದ ಮೂಗಿದು, ಬೆಣ್ಣೆ ವಾಸ್ನಿ ಬಂದ್ರೆ ಖುಷಿ ಆಗ್ತದಲೇ, ತಪ್ಪು ಅಂತ ಅನ್ನಿಸೋದೇ ಇಲ್ಲ" ಅಂತ. ತಮಾಷೆ ಪಕ್ಕಕ್ಕಿಡಿ, ಅವನ ಮೂಗಿಗೆ ಡಯಾಸಿಟೈಲ್ ಸರಿಯಾಗಿ ಸಿಗಲ್ಲ. ಇದು ಅಪರೂಪ ಏನಲ್ಲ, ಈ ವಾಸನೆಗೆ ಒಬ್ಬೊಬ್ಬರ ಸೂಕ್ಷ್ಮತೆ ಒಂದೊಂದು ಥರ, ಕೆಲವರಿಗೆ ಹೆಚ್ಚುಕಡಿಮೆ ಸಿಗೋದೇ ಇಲ್ಲ. ಅದು ಗೊತ್ತಿರೋದ್ರಿಂದಲೇ ಅವನು ಒಳ್ಳೆ ಬ್ರೂವರ್: ಪ್ರತಿ ಲಾಗರ್‌ಗೂ ನಮ್ಮ ನಾಲ್ಕೈದು ಜನರನ್ನ ಕರೀತಾನೆ.

ಹೋದ ಚಳಿಗಾಲದಲ್ಲಿ ಒಂದು ಗುರುವಾರ ಫೋನ್ ಬಂತು. 1000 ಲೀಟರ್ ಹೆಲೆಸ್ ಟ್ಯಾಂಕಿನಲ್ಲಿದೆ, ಮಾಲೀಕರು ಶುಕ್ರವಾರ ನಲ್ಲಿಗೆ ಹಾಕು ಅಂತಿದ್ದಾರೆ, ಶನಿವಾರಕ್ಕೆ ದೊಡ್ಡ ಬುಕಿಂಗ್ ಇದೆ. "ಬಂದು ಒಂದ್ಸಲ ಮೂಸಿ ಹೇಳ್ರಪ್ಪಾ." ಹೋದ್ವಿ. ಟ್ಯಾಂಕಿನಿಂದ ನೇರ ಹಿಡಿದ ಬಿಯರ್ ತಿಳಿಯಾಗಿತ್ತು, ಬ್ರೆಡ್ಡಿನ ಘಮ, ಯಾವ ತಕರಾರೂ ಇಲ್ಲ. ಮಾಲೀಕರ ಮುಖದಲ್ಲಿ ನಗು. ಗೆಳೆಯ ಅಷ್ಟಕ್ಕೇ ಬಿಡಲಿಲ್ಲ. ಎರಡು ಮುಚ್ಚಳದ ಬಾಟಲಿಯಲ್ಲಿ ಅದೇ ಬಿಯರ್ ತಗೊಂಡ. ಒಂದನ್ನ ಫ್ರಿಜ್‌ಗೆ ಇಟ್ಟ. ಇನ್ನೊಂದನ್ನ 60 ಡಿಗ್ರಿ ಮೇಲಿನ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಆಮೇಲೆ ಐಸ್‌ನಲ್ಲಿಟ್ಟು ತಣಿಸಿದ. ಬಿಸಿ ಮಾಡಿದ್ರೆ ಪೂರ್ವವಸ್ತು ಏನಾದ್ರೂ ಉಳಿದಿದ್ರೆ ಅಲ್ಲೇ ಡಯಾಸಿಟೈಲ್ ಆಗಿ ತಿರುಗುತ್ತೆ. ವಾರಗಳಲ್ಲಿ ಆಗೋದನ್ನ ನಿಮಿಷಗಳಲ್ಲಿ ಆಗಿಸೋ ಉಪಾಯ.

ಎರಡೂ ಗ್ಲಾಸ್ ಹೆಸರಿಲ್ಲದೆ ಮುಂದೆ ಬಂದವು. ಐದು ಜನರಲ್ಲಿ ನಾಲ್ಕು ಜನ ಒಂದು ಗ್ಲಾಸ್ ಮೂಸಿದ ಕೂಡಲೇ ತಲೆ ಎತ್ತಿದ್ವಿ. ಪಾಪ್‌ಕಾರ್ನ್. ಬಿಸಿ ಮಾಡಿದ ಗ್ಲಾಸ್ ಅದು. ಅಂದ್ರೆ ಇವತ್ತು ಚೊಕ್ಕವಾಗಿರೋ ಈ ಬಿಯರ್, ಯೀಸ್ಟಿನಿಂದ ಬೇರೆಯಾಗಿ ಕೆಗ್ ಸೇರಿದ ಮೇಲೆ, ಮುಂದಿನ ವಾರ ಗಿರಾಕಿಯ ಗ್ಲಾಸಿನಲ್ಲಿ ಬೆಣ್ಣೆ ಆಗುತ್ತೆ. ಆಗ ಗುಡಿಸೋಕೆ ಯೀಸ್ಟೂ ಇರಲ್ಲ.

ಮಾಲೀಕರು ಒಂದೇ ಮಾತು ಹೇಳಿದ್ರು: "ಕಸ್ಟಮರ್‌ಗೆ ಏನೂ ಗೊತ್ತಾಗಲ್ಲ." ಸಿಟ್ಟಿನಲ್ಲಿ ಹೇಳಿದ್ದಲ್ಲ, ಅನುಭವದಿಂದ ಹೇಳಿದ್ದು. ಅವರ ಪಬ್‌ನಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಲಾಗರ್ ವಾಪಸ್ ಕಳಿಸಿರಲಿಲ್ಲ. ಗೆಳೆಯ ಬೆಚ್ಚಗೆ ಮಾಡಿ ಇನ್ನು ನಾಲ್ಕು ದಿನ ಬೇಕು ಅಂದ. ಆ ರಾತ್ರಿ ಅವನ ಕೆಲಸವೇ ಹೋಗುತ್ತೇನೋ ಅಂತ ನಮಗೆಲ್ಲ ಭಯ ಇತ್ತು. ಮನೆಯಲ್ಲಿ ಎರಡು ತಿಂಗಳ ಮಗು ಬೇರೆ. ಕೊನೆಗೆ ಶನಿವಾರದ ಬುಕಿಂಗ್‌ಗೆ ಗೋಧಿ ಬಿಯರ್ ಕೊಟ್ರು, ಹೆಲೆಸ್ ಬುಧವಾರ ಮತ್ತೆ ಪರೀಕ್ಷೆ ಆಯ್ತು, ಎರಡೂ ಗ್ಲಾಸ್ ಒಂದೇ ಥರ ಇದ್ದವು. ಆಮೇಲೆ ಎಂದಿನಂತೆ ದಾಸ್ತಾನು, ಆಮೇಲೆ ನಲ್ಲಿ. ಅವನು ಇನ್ನೂ ಅಲ್ಲೇ ಕೆಲಸ ಮಾಡ್ತಿದ್ದಾನೆ. ಆದ್ರೆ ಆ ಗುರುವಾರ ಅವನ ಪರವಾಗಿ ಮಾತಾಡೋಕೆ ಇದ್ದದ್ದು ನಾವು ಐದು ಜನ, ಬಿಲ್ ಕಟ್ಟದ ಐದು ಜನ. ಬಿಲ್ ಕಟ್ಟೋ ಐದು ಜನ ಆ ಮಾತನ್ನ ಮೊದಲೇ ಹೇಳಿದ್ದಿದ್ರೆ ಮಾಲೀಕರ ಲೆಕ್ಕವೇ ಬೇರೆ ಇರ್ತಿತ್ತು. ಇವತ್ತು ಈ ಮಾತುಕತೆಗೆ ನಾನು ಒಪ್ಪಿಕೊಂಡಿದ್ದು ಅದಕ್ಕೇ.

ಮುಂದಿನ ದೋಷ, ಹಸಿ ವಾಸನೆ. ಅಸಿಟಾಲ್ಡಿಹೈಡ್. ಪುಸ್ತಕಗಳು ಹಸಿರು ಸೇಬು ಅಂತಾವೆ, ಆಗಷ್ಟೇ ಹೆಚ್ಚಿದ ಹಸಿ ಕುಂಬಳಕಾಯಿ ಅಂತಾನೂ ಅಂತಾವೆ. ನಮಗೆ ಕುಂಬಳಕಾಯಿಯೇ ಹತ್ತಿರ. ಯೀಸ್ಟ್ ಕೆಲಸ ಮುಗಿಸೋಕೆ ಮುಂಚೆ ಎಳೆ ಬಿಯರನ್ನ ಇಳಿಸಿದ್ರೆ ಉಳಿಯೋ ವಸ್ತು. ಸಾರಿಗೂ ಇದಕ್ಕೂ ಅಜ್ಜಿ ಒಂದೇ ಪದ ಬಳಸ್ತಿದ್ರು, ಔಷಧಿಯೂ ಒಂದೇ: ಇನ್ನೂ ಸ್ವಲ್ಪ ಹೊತ್ತು ಬಿಡು.

ಬೇಯಿಸಿದ ಜೋಳ. ಹಳೇ ಮೈಸೂರಿನವರಿಗೆ ಮುಸುಕಿನ ಜೋಳ, ಬಡಗಣವರಿಗೆ ಗೋವಿನ ಜೋಳ. ಕುಕ್ಕರ್ ತೆಗೆದಾಗ ಬರೋ ಆ ಸಿಹಿ ಹಬೆ. ಹೆಚ್ಚಾದ್ರೆ ಬೇಯಿಸಿದ ಎಲೆಕೋಸು. ಡಿಎಂಎಸ್ ಅಂತಾರೆ. ತಿಳಿ ಮಾಲ್ಟಿನಲ್ಲಿ ಇದರ ಮೂಲ ಹೆಚ್ಚು. ಮುಚ್ಚಳ ತೆಗೆದು ಒಂದು ಒಂದೂವರೆ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಬೇಗ ತಣಿಸಿದ್ರೆ ಹಬೆಯಲ್ಲಿ ಹೋಗುತ್ತೆ. ಮಳೆಗಾಲದಲ್ಲಿ ಸಿಂಹಗಡದ ದಾರಿಯಲ್ಲಿ ಜೋಳ ತಿನ್ನೋದು ಬೇರೆ ವಿಷಯ, ಗ್ಲಾಸಿನಲ್ಲಿ ಬೇಡ.

ಮುಗ್ಗಲು ಅಥವಾ ಒದ್ದೆ ರಟ್ಟು. ಇದು ನಮ್ಮಂಥ ವಲಸೆಯವರಿಗೆ ಕೈಗೂಸಿನಷ್ಟು ಪರಿಚಯ. ಜುಲೈ ತಿಂಗಳಲ್ಲಿ ಮನೆ ಬದಲಾಯಿಸಿ, ಪ್ಯಾಕರ್ಸ್‌ನವರು ತಂದ ಡಬ್ಬಗಳು ಪಾರ್ಕಿಂಗ್‌ನಲ್ಲಿ ನೆಂದು, ಮೂರನೇ ದಿನ ತೆಗೆದಾಗ ಬರುತ್ತಲ್ಲ, ಅದು. ಬಿಯರಿಗೆ ಗಾಳಿ ಸೋಕಿ, ಬಿಸಿಲಲ್ಲಿ ಗೋದಾಮಿನಲ್ಲಿ ಕೂತು ಹಳತಾದಾಗ ಬರೋ ವಾಸನೆ. ಹೊಸದಾಗಿ ಪಬ್‌ನಲ್ಲೇ ಮಾಡಿದ್ದರಲ್ಲಿ ಕಡಿಮೆ, ದೂರದಿಂದ ಬಂದ ದುಬಾರಿ ಬಾಟಲಿಯಲ್ಲಿ ಜಾಸ್ತಿ. ಹಾಪ್ಸೇ ಹಳತಾಗಿದ್ರೆ ಅದು ಕಮಟು, ಹಳೇ ಚೀಸಿನ ಕಡೆಯ ವಾಸನೆ. ಎರಡೂ ಬೇರೆ ಬೇರೆ.

ಬೆಳಕಿನ ಏಟು. ಇಂಗ್ಲಿಷಿನವರು ಸ್ಕಂಕ್ ಅಂತಾರೆ, ಆ ಪ್ರಾಣಿ ನಮ್ಮ ಕಡೆ ಇಲ್ಲ. ಸುಟ್ಟ ರಬ್ಬರಿಗೂ ಬೆಕ್ಕಿನ ಮೂಲೆಗೂ ನಡುವೆ ಎಲ್ಲೋ ಇದೆ. ಹಾಪ್ಸಿನ ಕಹಿ ವಸ್ತುವಿಗೆ ಬೆಳಕು ಬಿದ್ದಾಗ ಹುಟ್ಟುತ್ತೆ. ಕಂದು ಬಾಟಲಿ ಬಹಳಷ್ಟು ತಡೆಯುತ್ತೆ, ಹಸಿರು ಬಾಟಲಿ ಹೆಚ್ಚು ತಡೆಯಲ್ಲ, ಬಿಳಿ ಗಾಜು ತಡೆಯೋದೇ ಇಲ್ಲ, ಕ್ಯಾನ್ ಪೂರ್ತಿ ತಡೆಯುತ್ತೆ. ಮಧ್ಯಾಹ್ನದ ರೂಫ್‌ಟಾಪ್‌ನಲ್ಲಿ ಬಿಸಿಲಿಗೆ ಇಟ್ಟ ಗ್ಲಾಸಿನಲ್ಲೂ ಕೆಲವೇ ನಿಮಿಷದಲ್ಲಿ ಆಗುತ್ತೆ, ಅದಕ್ಕೆ ಬ್ರೂವರನ್ನ ಬೈಯಬೇಡಿ, ಗ್ಲಾಸನ್ನ ನೆರಳಿಗೆ ಎಳ್ಕೊಳ್ಳಿ.

ಒಗರು ನನ್ನ ನೆಚ್ಚಿನದು. ಇಂಗ್ಲಿಷ್ ಮಾತಾಡೋರು ಇದನ್ನ ಕಹಿ ಅಂತ ತಿಳ್ಕೊಂಡು ಪೇಚಾಡೋದನ್ನ ನೋಡಿದ್ದೀನಿ. ನೆಲ್ಲಿಕಾಯಿ, ಎಳೆ ಬಾಳೆಕಾಯಿ, ಹಸಿ ಅಡಿಕೆ ತಿಂದು ಬೆಳೆದವರಿಗೆ ಆ ಗೊಂದಲವೇ ಇಲ್ಲ. ಕಹಿ ನಾಲಗೆಯ ರುಚಿ, ಒಗರು ಬಾಯಿ ಹಿಂಡೋ ಅನುಭವ. ಕಹಿ ಹಾಪ್ಸಿನಿಂದ ಬರುತ್ತೆ, ಒಗರು ಸಾಮಾನ್ಯವಾಗಿ ಕಾಳಿನ ಹೊಟ್ಟಿನಿಂದ. ಮಾಲ್ಟನ್ನ ಅತಿ ಬಿಸಿ ನೀರಿನಲ್ಲಿ ಕೊನೇ ತೊಟ್ಟಿನ ತನಕ ತೊಳೆದಾಗ. ಚಹಾಪುಡಿಯನ್ನ ಮೂರನೇ ಸಲ ಕುದಿಸಿದ ಹಾಗೆ.

ಗಂಧಕದ ವಾಸನೆ, ನಿಂಬೆ ಸೋಡಾಕ್ಕೆ ಹಾಕೋ ಕಪ್ಪು ಉಪ್ಪಿನ ಥರದ್ದು, ಲಾಗರ್‌ನಲ್ಲಿ ತುಸು ಇದ್ರೆ ದೋಷ ಅಲ್ಲ. ಎರಡು ನಿಮಿಷದಲ್ಲಿ ಹಾರಿ ಹೋಗುತ್ತೆ. ಹುಳಿಯೂ ಬೆಣ್ಣೆಯೂ ಒಟ್ಟಿಗೆ ಬಂದ್ರೆ ಮಾತ್ರ ನಲ್ಲಿಯ ಪೈಪ್ ಕೊಳಕು ಅಂತ ಅನುಮಾನ ಪಡಿ. ಎರಡು ವಾರಕ್ಕೊಮ್ಮೆ ತೊಳೀಬೇಕು ಅನ್ನೋದು ರೂಢಿಯ ನಿಯಮ.

ಇಷ್ಟೆಲ್ಲ ಕೇಳಿ "ನನಗೆ ಇವೆಲ್ಲ ಸಿಗುತ್ತಾ?" ಅಂತ ಅನ್ನಿಸಿದ್ರೆ, ಮನೆಯಲ್ಲಿ ತ್ರಿಕೋನ ಪರೀಕ್ಷೆ ಮಾಡಿ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು, ಯಾವುದು ಚೆನ್ನಾಗಿದೆ ಅಂತ ಅಲ್ಲ. ಸುಮ್ಮನೆ ಊಹೆ ಮಾಡಿದ್ರೂ ಮೂರಕ್ಕೆ ಒಂದು ಸರಿ ಬರುತ್ತೆ. ಹಾಗಾಗಿ ಆರು ಜನರಲ್ಲಿ ಇಬ್ಬರು ಸರಿ ಹೇಳಿದ್ರೆ ಏನೂ ಸಾಬೀತಾಗಲ್ಲ. ನಾಲ್ಕು ಜನ ಹೇಳಿದ್ರೂ ಅದೃಷ್ಟದ ಸಾಧ್ಯತೆ ಸುಮಾರು 10 ಶೇಕಡಾ ಉಳಿಯುತ್ತೆ. ಐದು ಜನ ಹೇಳಿದ್ರೆ ಅದು 2 ಶೇಕಡಾಕ್ಕಿಂತ ಕೆಳಗೆ ಬರುತ್ತೆ, ಆಗ ವ್ಯತ್ಯಾಸ ಇದೆ ಅಂತ ಒಪ್ಪಬಹುದು. ಎಕ್ಸೆಲ್‌ನಲ್ಲಿ ನೀವೇ ಹಾಕಿ ನೋಡಿ.

ನಾವು ಒಂದೇ ಬ್ಯಾಚಿನ ಕ್ಯಾನ್‌ಗಳನ್ನ ತಗೊಂಡು, ಅರ್ಧ ಫ್ರಿಜ್‌ನಲ್ಲಿ, ಅರ್ಧ ಮೇ ತಿಂಗಳು ಪೂರ್ತಿ ಬಾಲ್ಕನಿ ಕಪಾಟಿನಲ್ಲಿ ಇಟ್ಟಿದ್ವಿ. ಆರು ಜನರಲ್ಲಿ ಐದು ಜನ ಕಂಡುಹಿಡಿದ್ರು. ತಪ್ಪಿದವನು ನಮ್ಮಲ್ಲಿ ಬಿಯರ್ ಬಗ್ಗೆ ಅತಿ ಹೆಚ್ಚು ಮಾತಾಡೋನು. ಮೊದಲು ಕಂಡುಹಿಡಿದವಳು ಬೆಳಗಾವಿಯ ಹುಡುಗಿ, ಅವಳು ಬಿಯರ್ ಕುಡಿಯೋದೇ ಇಲ್ಲ, ಬರೀ ಮೂಸಿದ್ದು. "ಅಣ್ಣಾ, ಇದ್ರಾಗ ಅಟ್ಟದ ಮ್ಯಾಲಿನ ಪುಸ್ತಕದ ವಾಸನಿ ಐತ್ರಿ" ಅಂದ್ಲು. ನೂರಕ್ಕೆ ನೂರು. ಗ್ಲಾಸಿಗೆ 50 ಮಿಲಿ ಸಾಕು ಈ ಆಟಕ್ಕೆ, ಮೂರನೇ ಸುತ್ತಿನ ಮೇಲೆ ಮೂಗು ಕೆಲಸ ಮಾಡಲ್ಲ. ಎಲ್ಲರೂ ಕ್ಯಾಬ್‌ನಲ್ಲಿ ಮನೆಗೆ ಹೋಗಿ.

ಪಬ್‌ನಲ್ಲಿ ಹೇಳೋದು ಹೇಗೆ? ಬಗ್ ರಿಪೋರ್ಟ್ ಬರೆಯೋ ಥರ. "ಬಿಯರ್ ಸರಿ ಇಲ್ಲ" ಅಂದ್ರೆ ಡೆವಲಪರ್ ನೋಡೋದೂ ಇಲ್ಲ. ಯಾವ ಬಿಯರ್, ಎಲ್ಲಿ ಸಿಕ್ತು, ಮೂಗಲ್ಲೋ ಬಾಯಲ್ಲೋ, ಯಾವುದರ ಥರ. ವೇಟರ್‌ಗೆ ಅಲ್ಲ, ಅವನದ್ದೇನೂ ತಪ್ಪಿಲ್ಲ. ಬ್ರೂವರ್ ಇದ್ದಾರಾ ಕೇಳಿ, ಇದ್ರೆ ಸಂತೋಷದಿಂದ ಬರ್ತಾರೆ. ಭಾಷೆಯ ಚಿಂತೆ ಬೇಡ. ಪುಣೆ ಮುಂಬೈಯಲ್ಲಿ ಲೋಣಿ, ಹೈದರಾಬಾದಿನಲ್ಲಿ ವೆನ್ನ, ಚೆನ್ನೈಯಲ್ಲಿ ವೆಣ್ಣೆಯ್, ಗುರುಗ್ರಾಮದಲ್ಲಿ ಮಖ್ಖನ್. ಡಯಾಸಿಟೈಲ್ ಅನ್ನೋದಕ್ಕಿಂತ ಬೇಗ ಅರ್ಥ ಆಗುತ್ತೆ. ಮತ್ತೆ, ಚೆನ್ನಾಗಿದ್ದಾಗಲೂ ಕರೆದು ಹೇಳಿ, ಏನು ಚೆನ್ನಾಗಿತ್ತು ಅಂತ.

ಕೊನೆಯಲ್ಲಿ ಬಂದ ಪ್ರಶ್ನೆಗಳು.

ಹೈದರಾಬಾದಿನಿಂದ ಒಬ್ಬರು ಕೇಳಿದ್ರು: ಫ್ರಿಜ್‌ನಿಂದ ತೆಗೆದ ಬಿಯರನ್ನ ಮತ್ತೆ ಫ್ರಿಜ್‌ಗೆ ಇಟ್ರೆ ಹಾಳಾಗುತ್ತಾ? ಒಂದೆರಡು ಸಲಕ್ಕೆ ಏನೂ ಆಗಲ್ಲ. ಹಾಳು ಮಾಡೋದು ಒಟ್ಟು ಎಷ್ಟು ಹೊತ್ತು ಬಿಸಿಯಲ್ಲಿ ಇತ್ತು ಅನ್ನೋದು, ಜೊತೆಗೆ ಬೆಳಕು.

ಮುಂಬೈಯಿಂದ: ಟ್ಯಾಪ್‌ರೂಮ್‌ನಿಂದ ಗ್ರೋಲರ್ ತುಂಬಿಸ್ಕೊಂಡು ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ಯಬಹುದಾ? ಅಬಕಾರಿ ನಿಯಮ ರಾಜ್ಯಕ್ಕೊಂದು ಥರ, ಅದನ್ನ ಮೊದಲು ನೋಡ್ಕೊಳ್ಳಿ. ರುಚಿಯ ಮಟ್ಟಿಗೆ ಹೇಳೋದಾದ್ರೆ, ನಲ್ಲಿಯಿಂದ ತುಂಬಿಸುವಾಗಲೇ ಗಾಳಿ ಸೇರಿರುತ್ತೆ. ತಣ್ಣಗಿಟ್ಟು ಒಂದೆರಡು ದಿನದಲ್ಲಿ ಮುಗಿಸಬೇಕು. ಅಷ್ಟು ದೂರ ಒಯ್ಯೋ ಬದಲು ಹುಬ್ಬಳ್ಳಿಯವರನ್ನೇ ಇಲ್ಲಿಗೆ ಕರೆಸಿ.

ಕೊನೆಯದು ಪುಣೆಯ ಒಬ್ಬ ತಂಗಿಯದ್ದು: "ವಾಪಸ್ ಕಳಿಸಿದ್ರೆ ಜೊತೆಗಿದ್ದವರ ಮುಂದೆ ಮುಜುಗರ ಆಗಲ್ವಾ?" ಆಗುತ್ತೆ. ಮೊದಲ ಸಲ ನನ್ನ ಮ್ಯಾನೇಜರ್ ಎದುರಿಗೇ ಇದ್ರು. ಬ್ರೂವರ್ ಬಂದು ಮೂಸಿ, ಏನೂ ಮಾತಾಡದೆ ಆ ನಲ್ಲಿಯ ಹಿಡಿಕೆಗೆ ಬಟ್ಟೆ ಸುತ್ತಿ ಬಂದ್ ಮಾಡಿದ್ರು. ಮ್ಯಾನೇಜರ್ ತಮ್ಮ ಗ್ಲಾಸನ್ನ ಮೂಗಿನ ಹತ್ತಿರ ತಗೊಂಡು, ಒಂದು ಕ್ಷಣ ಸುಮ್ಮನಿದ್ದು, "ಹೌದಲ್ಲಾ" ಅಂದ್ರು.